ಗೊಂಬೆ ಕೂರಿಸಿ ಗೆದ್ದ ಕಾರ್ಗಿಲ್

ಬಸವೇಶ್ವರನಗರದ ನಮ್ಮ ಎದುರು ಮನೆಯ ಅನಂತಲಕ್ಷ್ಮಿಯ ಗಂಡ ಮಹದೇವ್ ಕಾರ್ಗಿಲ್‌ನಲ್ಲಿ ಯುದ್ಧ ಮಾಡಿ ಬಂದವರು. ಅಲ್ಲಿ ಏನಾಯಿತು ಎಂದು ಯಾರು ಕೇಳಿದರೂ ಅವರದು ಒಂದೇ ಉತ್ತರ: ವಿಪರೀತ ಚಳಿ. ಹೆಂಡತಿಗೂ ಇಷ್ಟು ವರ್ಷ ಅಷ್ಟೇ ಸಿಕ್ಕಿದ್ದು. ಒಂದು ಸಲ ಬಾಯಿಬಿಟ್ಟು ಹೇಳಿಕೊಂಡರೆ ಸಾಕು, ತಾನು ಯಾರ ಜೊತೆ ಸಂಸಾರ ಮಾಡುತ್ತಿದ್ದೇನೆಂದು ಗೊತ್ತಾದೀತು ಎಂದು ಅವಳು ನನ್ನ ಮುಂದೆ ಅತ್ತಿದ್ದಳು.

ಈ ಸಲ ಗಡಿಯಲ್ಲಿ ಗುಂಡು ಹಾರಿದಾಗ ಟಿವಿಯವರು ಕೋಟು ಹಾಕಿಕೊಂಡು ಸ್ಟುಡಿಯೋದಲ್ಲೇ ಯುದ್ಧ ಗೆದ್ದರು. ಮಹದೇವ್ ಚಾನೆಲ್ ಬದಲಿಸಿ ಬದನೆಕಾಯಿ ಎಣ್ಣೆಗಾಯಿ ಮಾಡುವುದನ್ನು ನೋಡಿದರು. ಆಗಲೇ ಅನಂತಲಕ್ಷ್ಮಿಗೆ ಉಪಾಯ ಹೊಳೆದದ್ದು. ದಸರಾಕ್ಕೆ ಕಾರ್ಗಿಲ್ ಯುದ್ಧದ ಗೊಂಬೆ ಕೂರಿಸುವುದು, ಅದೂ ಬೇಕೆಂತಲೇ ತಪ್ಪುತಪ್ಪಾಗಿ.

"ತಪ್ಪು ಕಂಡ್ರೆ ಸುಮ್ನಿರೋ ಜನ ಅಲ್ಲ ಕಣೇ ಅವ್ರು. ತಿದ್ದೋಕಾದ್ರೂ ಬಾಯಿ ಬಿಡ್ತಾರೆ," ಎಂದಳು.

ಹತ್ತಿಯ ಹಿಮದ ಮೇಲೆ ತೆಂಗಿನಮರ ಎದ್ದಿತು. ಫಿರಂಗಿಯ ಬಾಯಿ ನಮ್ಮ ಡೇರೆಯ ಕಡೆಗೇ ತಿರುಗಿತ್ತು. ಪಟ್ಟದ ರಾಜ ರಾಣಿಯರನ್ನು ಮೇಲಿನ ಮೆಟ್ಟಿಲಿನಿಂದ ಕದಲಿಸುವಂತಿಲ್ಲವಾದ್ದರಿಂದ ಅವರೇ ಸೇನಾಧಿಪತಿಗಳಾದರು. ಬೇಳೆ ಬೆಲ್ಲ ಮಾರುವ ಶೆಟ್ಟಿ ದಂಪತಿ ಗಡಿಯಲ್ಲೇ ಅಂಗಡಿ ಇಟ್ಟರು. ಮಹದೇವ್ ಎಲ್ಲವನ್ನೂ ನೋಡಿ, ಕಾಫಿ ಆಯಿತೇ ಎಂದು ಕೇಳಿ ಹೋದರು.

ನನಗೆ ರೇಗಿದ್ದು ಊರಿನವರ ಮೇಲೆ. ಅರಿಶಿನ ಕುಂಕುಮಕ್ಕೆ ಬಂದವರಲ್ಲಿ ಒಬ್ಬರಾದರೂ ತೆಂಗಿನಮರ ಯಾಕೆ ಎಂದು ಕೇಳಬಾರದೇ? ಥೇಟ್ ಟಿವಿಯಲ್ಲಿ ತೋರಿಸಿದ ಹಾಗೇ ಇದೆ ಎಂದು ಹೊಗಳಿದರು. ಮಕ್ಕಳು ಮಾತ್ರ ಶತ್ರು ಎಲ್ಲಿ ಎಂದು ಹಟ ಹಿಡಿದವು. ಕೊನೆಗೆ ಪಾಪದ ಶೆಟ್ಟಿಯನ್ನೇ ಶತ್ರು ಮಾಡಬೇಕಾಯಿತು. ಶೆಟ್ಟಿಯ ಹೆಂಡತಿ ಒಬ್ಬಳೇ ವ್ಯಾಪಾರ ನೋಡಿಕೊಂಡಳು.

ಗೊಂಬೆ ಸ್ಪರ್ಧೆಯ ತೀರ್ಪಿಗೆ ಬಂದ ಬಡಾವಣೆ ಸಂಘದ ಶಶಿಕುಮಾರ್, ಹೊಗೆ ಇಲ್ಲದೆ ಯುದ್ಧ ಕಳೆಗಟ್ಟುವುದಿಲ್ಲ ಎಂದು ಊದುಬತ್ತಿ ಹಚ್ಚಿ ಸಿಕ್ಕಿಸಿದರು. ಹತ್ತಿಗೆ ಬೆಂಕಿ ಹತ್ತಿತು. ಅನಂತಲಕ್ಷ್ಮಿ ಕೈಗೆ ಸಿಕ್ಕ ಮಜ್ಜಿಗೆ ಸುರಿಯುವಷ್ಟರಲ್ಲಿ ಅರ್ಧ ಹಿಮಾಲಯ ಕರಕಲಾಗಿತ್ತು. ಅದೂ ಪ್ರದರ್ಶನದ ಭಾಗವೆಂದುಕೊಂಡ ಶಶಿಕುಮಾರ್ ಚಪ್ಪಾಳೆ ತಟ್ಟಿ, ಮೊದಲ ಬಹುಮಾನ ಇವರಿಗೇ ಎಂದು ಸಾರಿದರು. ಮಹದೇವ್ ಬಂದು ನೆಲ ಒರೆಸಿ, ಕೋಸಂಬರಿ ಉಳಿದಿದೆಯೇ ಎಂದು ಕೇಳಿದರು.

ವಿಜಯದಶಮಿಯ ಸಂಜೆ ಆರತಿ ಎತ್ತಿ ಗೊಂಬೆಗಳನ್ನು ಮಲಗಿಸುವುದು ರೂಢಿ. ಬಹುಮಾನ ಗೆದ್ದ ಅನಂತಲಕ್ಷ್ಮಿ ಸೋತು ಮೂಲೆಯಲ್ಲಿ ಕೂತಿದ್ದಳು. ನಾನೇ ರಾಜ ರಾಣಿಯರನ್ನು ಮಲಗಿಸಿ, ಮಣ್ಣಿನ ಸಿಪಾಯಿಗಳನ್ನು ಸಾಲಾಗಿ ಅಂಗಾತ ಮಲಗಿಸತೊಡಗಿದೆ. ಮಹದೇವ್ ಬಂದು ನನ್ನ ಪಕ್ಕ ಕೂತರು. ಒಬ್ಬ ಸಿಪಾಯಿಯನ್ನು ಎತ್ತಿ, ಮಗ್ಗುಲಿಗೆ ತಿರುಗಿಸಿ ಮಲಗಿಸಿದರು. ಅದು ಉರುಳಿತು. ಮತ್ತೆ ತಿರುಗಿಸಿ, ಬೆನ್ನಿಗೆ ಅಂಗೈ ಒತ್ತು ಕೊಟ್ಟು ಹಿಡಿದುಕೊಂಡರು.

"ಅಂಗಾತ ಮಲಗಿಸ್ಬೇಡಿ," ಎಂದರು. "ಶೆಲ್ ಚೂರು ಬೆನ್ನಲ್ಲಿತ್ತು. ಬೆಳಗಾಗೋವರ್ಗೂ ನಮ್ ತುಕಡಿ ನಾಣೀನ ಹಿಂಗೇ ಹಿಡ್ಕೊಂಡಿದ್ದೆ."

ಅನಂತಲಕ್ಷ್ಮಿ ಎದ್ದು ಬಂದು ಗಂಡನ ಪಕ್ಕ ಕೂತಳು. ಇನ್ನೊಬ್ಬ ಸಿಪಾಯಿಯನ್ನು ತೆಗೆದು ಅವರ ಇನ್ನೊಂದು ಕೈಗೆ ಕೊಟ್ಟಳು.

"ಇವ್ನು ಯಾರು, ಹೇಳಿ," ಎಂದಳು.