ಅರ್ಧ ಹೆಸರು, ಅರ್ಧ ಗರಸು

ನನಗೆ ಫುಟ್‌ಬಾಲ್ ಬರುವುದಿಲ್ಲ. ಈ ಅರವತ್ತಾರು ವರ್ಷಗಳಲ್ಲಿ ಒಮ್ಮೆ ಮಾತ್ರ ಚೆಂಡು ಒದೆಯಲು ಹೋಗಿದ್ದೆ. ಚೆಂಡು ಇದ್ದಲ್ಲೇ ಇತ್ತು, ನನ್ನ ಚಪ್ಪಲಿ ಹಾರಿ ಗೋಲಿನೊಳಗೆ ಬಿತ್ತು. ಇಂಥ ನಾನು ನರಗುಂದದ ಮೈದಾನ ಸಮಿತಿಯ ಕಾರ್ಯದರ್ಶಿ. ಇತಿಹಾಸದ ಮಾಸ್ತರನಾಗಿ ನಿವೃತ್ತನಾಗಿದ್ದೇನೆ, ಅಕ್ಷರ ದುಂಡಗಿವೆ, ಮನೆಯಲ್ಲಿ ಖಾಲಿ ಕೂತಿರುತ್ತೇನೆ. ಕಾರ್ಯದರ್ಶಿಯಾಗಲು ಇದಕ್ಕಿಂತ ಹೆಚ್ಚಿನ ಅರ್ಹತೆಯನ್ನು ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ.

ಮೈದಾನವೆಂದರೆ ಕೋಟೆಗುಡ್ಡದ ಬುಡದ ಕಪ್ಪು ಎರೆ ನೆಲ. ಊರೆಲ್ಲ ಅದನ್ನು 'ಕೆಳಗಿನ ಬಯಲು' ಅನ್ನುತ್ತದೆ. ಜೋಳ, ಕಡಲೆಗೆ ಇಂಥ ನೆಲ ಇನ್ನೊಂದಿಲ್ಲ. ಫುಟ್‌ಬಾಲಿಗೆ ಇಷ್ಟು ಕೆಟ್ಟದ್ದೂ ಇನ್ನೊಂದಿಲ್ಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಅಂಟುತ್ತದೆ. ಎರಡು ವರ್ಷಗಳಿಂದ ಅಲ್ಲಿ ಹದಿನಾಲ್ಕು ಹುಡುಗಿಯರು ಆಡುತ್ತಿದ್ದರು. ಹೋದ ಬೇಸಿಗೆಯಲ್ಲಿ ಒಬ್ಬಳ ಕಾಲು ಬಿರುಕಿನಲ್ಲಿ ಸಿಕ್ಕಿ ಉಳುಕಿತು. ಮರುದಿನ ಮೂರು ಮನೆಯವರು ಮಗಳನ್ನು ಕಳಿಸಲಿಲ್ಲ. ಹುಡುಗಿಯರಿಗೆ ಆಟ ಕಲಿಸುವ ರೇಖಾ ಟೀಚರ್ ಸಮಿತಿಯ ಮುಂದೆ ಬಂದು, ಬಯಲಿಗೆ ಗರಸು ಹಾಕಿಸದಿದ್ದರೆ ದೀಪಾವಳಿಯ ಹೊತ್ತಿಗೆ ತಂಡವೇ ಉಳಿಯುವುದಿಲ್ಲ ಎಂದರು. ಗರಸೆಂದರೆ ಗುಡ್ಡದ ಕಡೆಯ ಕೆಂಪು ಕಲ್ಲುಮಣ್ಣು. ಹಾಸಿ, ನೀರು ಹೊಡೆದು, ರೋಲರ್ ಎಳೆದರೆ ನೆಲ ಬಿರಿಯುವುದೂ ಇಲ್ಲ, ಅಂಟುವುದೂ ಇಲ್ಲ.

ಆಗ ನನಗೆ ಪೇಪರಿನಲ್ಲಿ ಓದಿದ್ದು ನೆನಪಾಯಿತು. ಪರದೇಶಗಳಲ್ಲಿ ದೊಡ್ಡ ದೊಡ್ಡ ಫುಟ್‌ಬಾಲ್ ಮೈದಾನಗಳು ತಮ್ಮ ಹೆಸರನ್ನೇ ಕಂಪನಿಗಳಿಗೆ ಮಾರುತ್ತವಂತೆ. ಮೂರು ವರ್ಷ ವಿಮಾನದವರ ಹೆಸರು, ಆಮೇಲೆ ಮೂರು ವರ್ಷ ವಿಮೆಯವರದು. ಓದಿದ ದಿನ ನಕ್ಕಿದ್ದೆ. ಸಮಿತಿಯಲ್ಲಿ ಅದನ್ನೇ ನನ್ನ ಸ್ವಂತ ಆಲೋಚನೆಯೆಂಬಂತೆ ಗಂಭೀರವಾಗಿ ಮಂಡಿಸಿದೆ.

ಹೆಸರಿಗಾಗಿ ಕೊಡುವುದು ನಮ್ಮ ಕಡೆಗೆ ಹೊಸದೇನೂ ಅಲ್ಲ. ರೋಣ, ಸೂಡಿಯ ಸುತ್ತ ನೇಗಿಲಿಗೆ ಕಲ್ಲು ತಾಗಿದರೆ ಅರ್ಧ ಪಾಲು ಅದು ಶಾಸನವೇ. ಇಂಥವನು ಕೆರೆ ಕಟ್ಟಿಸಿದ, ಇಂಥವನು ಗುಡಿಗೆ ಭೂಮಿ ಬಿಟ್ಟ. ಇದನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಗೋಹತ್ಯೆ ಮಾಡಿದ ಪಾಪ. ಈಗಿನ ಕಂಪನಿ ಮೂರು ವರ್ಷ ಕೇಳುತ್ತದೆ. ಆ ದಾನಿಗಳು ಸೂರ್ಯಚಂದ್ರರು ಇರುವವರೆಗೂ ಕೇಳುತ್ತಿದ್ದರು. ಕರಾರು ಬರೆಯುವುದರಲ್ಲಿ ಹಳಬರು ನಮಗಿಂತ ಗಟ್ಟಿಗರು.

ಹೆಸರು ಕೊಳ್ಳಲು ಮುಂದೆ ಬಂದವರು ಅಡತಿ ಅಂಗಡಿ ಇಟ್ಟು ಕಾಳಿನ ದಲ್ಲಾಳಿ ವ್ಯಾಪಾರ ಮಾಡುವ ಗುರುಸಿದ್ಧಪ್ಪನವರು. ಹೆಸರಿನ ಮೇಲೆ ಅವರಿಗೆ ಮೊದಲಿನಿಂದಲೂ ಪ್ರೀತಿ. ಊರ ಗುಡಿಗೆ ಅವರು ಕೊಡಿಸಿದ ಫ್ಯಾನುಗಳ ಒಂದೊಂದು ರೆಕ್ಕೆಯ ಮೇಲೂ ಅವರ ಹೆಸರಿದೆ. ಕರೆಂಟು ಹೋದಾಗ ಮಾತ್ರ ಓದಲು ಬರುತ್ತದೆ. ಅವರ ಮೊಮ್ಮಗಳು ಸಹನಾ ತಂಡದ ಗೋಲ್‌ಕೀಪರ್. ಬಯಲು ನೋಡಲು ಬಂದ ದಿನ ಹುಡುಗಿಯರು ಒಂದು ಗೋಲು ಹೊಡೆದರು. ಪಕ್ಕದಲ್ಲಿದ್ದ ಗುರುಸಿದ್ಧಪ್ಪನವರು ತಮಗೆ ತಿಳಿಯದೆಯೇ "ಲಾಭ" ಅಂದರು. ಕಾಳು ಅಳೆಯುವಾಗ ನಮ್ಮಲ್ಲಿ ಮೊದಲನೆಯದನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅಲ್ಲಿಗೆ ಕೆಲಸ ಆಯಿತೆಂದು ನನಗೆ ಗೊತ್ತಾಯಿತು.

ಕರಾರನ್ನು ನಾನೇ ದುಂಡಗೆ ಬರೆದೆ. 'ಶ್ರೀ ಗುರುಸಿದ್ಧಪ್ಪ ಅಡತಿ ಅಂಗಡಿ ಫುಟ್‌ಬಾಲ್ ಮೈದಾನ'. ಮೂರು ವರ್ಷ. ಬೋರ್ಡಿನಲ್ಲಷ್ಟೇ ಇದ್ದರೆ ಸಾಲದು, ಜನರ ಬಾಯಲ್ಲೂ ಇರಬೇಕು. ಸಹಿ ಮಾಡುವಾಗ ಅವರು ಬೆರಳೆತ್ತಿ ಹೇಳಿದರು:

"ಪೂರಾ ಹೆಸರು ಅಂದ್ರ ಪೂರಾ ಗರಸು ಬೀಳತೈತ್ರಿ ಮಾಸ್ತರ. ಅರ್ಧಾ ಅಂದ್ರ ಅರ್ಧಾ."

ನಾನು ಇದನ್ನು ತಮಾಷೆ ಅಂದುಕೊಂಡೆ. ಬೋರ್ಡು ಏರಿತು, ಟ್ರ್ಯಾಕ್ಟರುಗಳು ಬಂದವು, ಗರಸು ಬೀಳತೊಡಗಿತು. ಊರು ಮಾತ್ರ 'ಕೆಳಗಿನ ಬಯಲು' ಅನ್ನುವುದನ್ನು ಬಿಡಲಿಲ್ಲ. ಒಂದು ದಿನ ಗುರುಸಿದ್ಧಪ್ಪನವರು ಪರೀಕ್ಷೆ ಮಾಡಿಯೇ ಬಿಡೋಣವೆಂದು ಆಟೋ ಹತ್ತಿ ಮೈದಾನದ ಪೂರ್ತಿ ಹೆಸರು ಹೇಳಿದರು. ಆಟೋದವನು ಅದು ಗದಗಿನಲ್ಲಿದೆಯೇ ಎಂದು ಕೇಳಿದನಂತೆ. ಕೆಳಗಿನ ಬಯಲು ಎಂದದ್ದೇ ತಡ, ಸೀದಾ ಒಯ್ದು ಅವರದೇ ಬೋರ್ಡಿನ ಕೆಳಗೆ ಇಳಿಸಿದ. ಅದನ್ನೂ ನುಂಗಿಕೊಂಡಾರು. ಆದರೆ ಸಂಜೆ ಮನೆಗೆ ಹೋಗಿ ಸಹನಾ ಎಲ್ಲಿ ಎಂದು ಕೇಳಿದರೆ, ಹೆಂಡತಿ ನೀಲಮ್ಮನವರೂ ಕೆಳಗಿನ ಬಯಲಿಗೆ ಹೋಗಿದ್ದಾಳೆ ಎಂದರು.

ಮರುದಿನ ಟ್ರ್ಯಾಕ್ಟರ್ ಬರಲಿಲ್ಲ. ಕೇಳಲು ಹೋದೆ.

"ಮಂದಿ ಅನ್ನವಲ್ರು, ಹೋಗ್ಲಿ ಬಿಡ್ರಿ," ಎಂದರು ಗುರುಸಿದ್ಧಪ್ಪನವರು. "ನಮ್ಮ ಮನ್ಯಾಗ ಸೈತ ಕೆಳಗಿನ ಬಯಲಂತಾರ."

ಹೀಗೆ ನಮ್ಮ ಮೈದಾನ ಅರ್ಧ ಕೆಂಪಗೆ, ಅರ್ಧ ಕರ್ರಗೆ ನಿಂತಿತು. ಕೆಂಪು ಕಡೆ ಚೆಂಡು ಪುಟಿಯುತ್ತಿತ್ತು, ಕರಿ ಕಡೆ ಹೂತುಕೊಳ್ಳುತ್ತಿತ್ತು. ಟಾಸ್ ಗೆದ್ದವರು ಅರ್ಧ ಆಟವನ್ನು ಗೆದ್ದಂತೆ. ನೋಡುವವರಿಗೆ ನಗು, ರೇಖಾ ಟೀಚರ್ ನಗಲಿಲ್ಲ. ನಿಂತುಹೋದ ಮೂವರು ಇನ್ನೂ ಮರಳಿರಲಿಲ್ಲ, ನಾಲ್ಕನೆಯವಳ ಮನೆಯಲ್ಲೂ ಮಾತು ಶುರುವಾಗಿತ್ತು. ನನ್ನ ಬುದ್ಧಿವಂತಿಕೆಯಿಂದ ಆ ಮಕ್ಕಳ ಆಟ ನಿಲ್ಲುತ್ತದಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು.

ನಾಚಿಕೆ ತಡೆಯಲಾರದೆ ನೀಲಮ್ಮನವರ ಬಳಿಗೇ ಹೋದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ತಾವೊಬ್ಬರು ಮೈದಾನದ ಹೆಸರು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದೆ. ಅವರು ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು.

"ಬೋರ್ಡಿನ ಮ್ಯಾಲೆ ಅವರ ಹೆಸರ ಬರಸೀರಿ. ಇನ್ನ ನಾ ಹ್ಯಾಂಗ ಅನ್ನಲಿ, ಹೇಳ್ರಿ?"

ಗಂಡನ ಹೆಸರನ್ನು ಹೆಂಡತಿ ಆಡಬಾರದು, ಆಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ನಮ್ಮ ಕಡೆಯ ಹಿರಿಯ ಹೆಂಗಸರ ನಂಬಿಕೆ. ಸಾವಿರ ವರ್ಷದ ಹಿಂದಿನ ದಾನಿಗಳ ಹೆಸರನ್ನು ಕಲ್ಲಿನ ಮೇಲೆ ಓದಬಲ್ಲ ನನಗೆ ಇದೊಂದು ಹೊಳೆದಿರಲಿಲ್ಲ. ನನ್ನ ಹೆಂಡತಿಯೂ ಇಷ್ಟು ವರ್ಷ ನನ್ನನ್ನು 'ಕೇಳಿಸ್ತೇನ್ರಿ' ಎಂದೇ ಕರೆದಿದ್ದಾಳೆ. ಅದೇ ನನ್ನ ಹೆಸರೆಂದು ಒಗ್ಗಿಹೋಗಿದ್ದೇನೆ. ನಾನು ಎದ್ದು ಹೊರಟಾಗ ನೀಲಮ್ಮನವರು ಮೆಲ್ಲಗೆ ಒಂದು ದಾರಿ ತೋರಿಸಿದರು.

"ಒಡಪಿನ್ಯಾಗ ಅಂದ್ರ ನಡಿತೈತ್ರಿ."

ಮದುವೆಯಲ್ಲಿ, ಬಸುರಿಯ ಕುಬುಸದಲ್ಲಿ ಹೆಂಗಸರು ಸುತ್ತ ಕೂತು ಕಾಡುವಾಗ ಗಂಡನ ಹೆಸರನ್ನು ಪದ್ಯದೊಳಗೆ ಬಚ್ಚಿಟ್ಟು ಹೇಳುವುದೇ ಒಡಪು. ಹಾಗೆ ಹೇಳಿದರೆ ದೋಷವಿಲ್ಲ. ಆ ವಾರವೆಲ್ಲ ಸಂಜೆ ನೀಲಮ್ಮನವರು ಬಯಲಿಗೆ ಬಂದು, ಒಂದು ಒಡಪನ್ನು ಕಟ್ಟಿ, ಹುಡುಗಿಯರಿಗೆ ಬಾಯಿಪಾಠ ಮಾಡಿಸಿದರು. ಬಾಯಿಪಾಠ ಮಾಡಿಸಲು ತಾವೇ ಎಷ್ಟು ಸಲ ಹೇಳಿದರೋ, ನಾನು ಕೇಳಲು ಹೋಗಲಿಲ್ಲ.

ಭಾನುವಾರ ಗಜೇಂದ್ರಗಡದ ತಂಡ ಆಡಲು ಬಂತು. ಗುರುಸಿದ್ಧಪ್ಪನವರು ಸಿಟ್ಟಿನಲ್ಲೇ ಬಂದು, ಮೊಮ್ಮಗಳ ಸಲುವಾಗಿ ಮಾತ್ರ ಬಂದವರಂತೆ ಗೇಟಿನ ಬಳಿ ನಿಂತರು. ಆಟಕ್ಕೆ ಮುಂಚೆ ನಮ್ಮ ಹುಡುಗಿಯರು ಹೆಗಲ ಮೇಲೆ ಕೈಹಾಕಿ ದುಂಡಗೆ ನಿಂತು ಒಂದೇ ದನಿಯಲ್ಲಿ ಕೂಗಿದರು:

ಗಜೇಂದ್ರಗಡದ ಸೀರಿಗೆ ಕೆಂಪು ಸೆರಗ ಸೊಗಸು,
ಎರಿ ನೆಲಕ ಹಾಸಿದ ಕೆಂಪು ಗರಸ ಸೊಗಸು,
ಗುರುಸಿದ್ಧಪ್ಪನವರ ಬಯಲಾಗ ನಮ್ಮ ಹುಡುಗ್ಯಾರ ಆಟ ಸೊಗಸು.

ಜನ ಚಪ್ಪಾಳೆ ತಟ್ಟಿ ಮತ್ತೊಮ್ಮೆ ಕೇಳಿದರು, ಮಗದೊಮ್ಮೆ ಕೇಳಿದರು. ಮೂರನೆಯ ಸಲ ಹುಡುಗಿಯರು ನಗು ತಡೆಯಲಾಗದೆ ಎರಡು ಸಾಲಿಗೇ ನಿಂತುಬಿಟ್ಟರು. ಕೊನೆಯ ಸಾಲನ್ನು ಪೂರ್ತಿ ಮಾಡಿದ್ದು ಹೆಂಗಸರ ಗುಂಪಿನಲ್ಲಿದ್ದ ನೀಲಮ್ಮನವರ ಒಂಟಿ ಧ್ವನಿ. ಗುರುಸಿದ್ಧಪ್ಪನವರು ಟೊಪ್ಪಿಗೆ ತೆಗೆದು, ಅದರೊಳಗೆ ಏನೋ ಇದೆಯೆಂಬಂತೆ ನೋಡಿ, ಮತ್ತೆ ಹಾಕಿಕೊಂಡರು.

ಆ ದಿನ ನಮ್ಮವರು ಸೋತರು. ಮರುದಿನ ಬೆಳಿಗ್ಗೆ ಒಂದರ ಹಿಂದೊಂದು ಟ್ರ್ಯಾಕ್ಟರ್ ಬಂದವು. ಈಗ ಮೈದಾನ ಈ ತುದಿಯಿಂದ ಆ ತುದಿಗೆ ಕೆಂಪಗಿದೆ. ನಿಂತುಹೋಗಿದ್ದ ಮೂವರೂ ಮರಳಿದ್ದಾರೆ, ಜೊತೆಗೆ ಇನ್ನಿಬ್ಬರನ್ನು ಕರೆತಂದಿದ್ದಾರೆ. ಊರು ಇಂದಿಗೂ ಕೆಳಗಿನ ಬಯಲು ಎಂದೇ ಅನ್ನುತ್ತದೆ.

ಕಾರ್ಯದರ್ಶಿಯಾದ ತಪ್ಪಿಗೆ ನನಗೊಂದು ಸಂಶಯ ಉಳಿದಿತ್ತು. ಒಡಪಿನಲ್ಲಿ 'ಅಡತಿ ಅಂಗಡಿ' ಬಂದೇ ಇಲ್ಲ. ಕರಾರಿನ ಪ್ರಕಾರ ಅದು ಅರ್ಧ ಹೆಸರೇ. ಗುರುಸಿದ್ಧಪ್ಪನವರು ಸಿಕ್ಕಾಗ ಕೇಳಿದೆ: ಹುಡುಗಿಯರು ಅಂಗಡಿಯನ್ನು ಬಿಟ್ಟು ಹೇಳಿದರಲ್ಲ, ನಡೆಯುತ್ತದೆಯೇ ಎಂದು. ಅವರು ಅತ್ತಿತ್ತ ನೋಡಿ, ನೀಲಮ್ಮನವರು ಹತ್ತಿರದಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

"ಹುಡುಗ್ಯಾರ ಏನಂದ್ರು ಅಂತ ಯಾರ ಕೇಳ್ಯಾರ್ರಿ, ಮಾಸ್ತರ?"