ಹುಳ ಹಾಕಿದ ದಾರಿ

ಇಂಗ್ಲೆಂಡಿನ ನಮ್ಮ ಹೆರಿಫರ್ಡ್ ಸೀಮೆಯಲ್ಲಿ ಎಡ್ಗರ್ ಸ್ಕರ್ಮ್ ಕುರ್ಚಿಯಲ್ಲಿ ಪೂರ್ತಿ ಕೂತದ್ದನ್ನು ಕಂಡವರಿಲ್ಲ. ಅಂಚಿಗೆ ಒರಗಿ, ಅರ್ಧ ಚಹಾ ಕುಡಿದು, ಎದ್ದೇಬಿಡುವ ಜೀವ ಅದು. ಸೀಮೆಯ ಹಳೆಯ ನಕ್ಷೆಗಳ ಪ್ರತಿ ತೆಗೆಯುವುದು ಅವನ ಕಸುಬು. ಇನ್ನೂರೈವತ್ತು ವರ್ಷದ ಹಾಳೆಯ ಫೋಟೋ ತೆಗೆದು, ಕಲೆಗಳನ್ನು ಅಳಿಸಿ, ಮಾಸಿದ ಗೆರೆಗೆ ಮಸಿ ತುಂಬಿ ಅಚ್ಚು ಹಾಕುತ್ತಿದ್ದ. ಮೂವತ್ತು ವರ್ಷದಲ್ಲಿ ಸೇನೆಯಿಲ್ಲದೆ ಇಡೀ ಸೀಮೆಯನ್ನು ಗೆದ್ದ ಚಕ್ರವರ್ತಿ. ಅವನ ನಕ್ಷೆ ತೂಗದ ಮನೆಯಿಲ್ಲ; ಪಬ್ಬುಗಳ ಪಾಯಿಖಾನೆಯ ಗೋಡೆಯವರೆಗೂ ಅವನ ಸಾಮ್ರಾಜ್ಯ ಹಬ್ಬಿತ್ತು.

ಈ ವಸಂತದಲ್ಲಿ ಕಾಲ್ನಡಿಗೆ ಸಂಘದವರು ಅವನ ನಕ್ಷೆಯಲ್ಲೊಂದು ಕಾಲುದಾರಿ ಪತ್ತೆಹಚ್ಚಿದರು. ಚರ್ಚಿನಿಂದ ಹಿಟ್ಟಿನ ಗಿರಣಿಗೆ, ಮುದುಕಿ ಹಿಲ್ಡಾ ಪ್ರೀಸಳ ಸೇಬಿನ ತೋಟವನ್ನು ಸೀಳಿಕೊಂಡು! ಹಳೆಯ ನಕ್ಷೆಯಲ್ಲಿ ದಾರಿ ಕಂಡರೆ ಅದು ಊರವರ ಹಕ್ಕೆಂದು ಬೇಲಿ ಕೀಳಿಸದೆ ಬಿಡುವವರಲ್ಲ ನಮ್ಮ ಜನ. ದಾರಿ ತೆರೆಸಿರೆಂದು ಸಂಘ ಗ್ರಾಮಸಭೆಗೆ ಅರ್ಜಿ ಹಾಕಿತು; ಹಿಲ್ಡಾಳ ಕೋಳಿಗೂಡು, ಆರು ಮರ, ಎಲ್ಲಕ್ಕೂ ಕುತ್ತು ಬಂತು.

"ಲೋ ಎಡ್ಗರ್, ನಮ್ಮಜ್ಜಿ ಕಾಲದಿಂದ ಅಲ್ಲಿ ಕೋಳಿ ಬಿಟ್ರೆ ಯಾರೂ ನಡೆದಿಲ್ಲ ಕಣೋ!" ಎಂದು ಅವಳು ಬಾಗಿಲಿಗೇ ಬಂದು ಎಗರಾಡಿದಳು.

"ನಕ್ಷೆ ಸುಳ್ಳು ಹೇಳಲ್ಲ, ಹಿಲ್ಡಾ."

ಹೇಳಿದನೇನೋ ಸರಿ, ಕಾಲು ನಿಲ್ಲಲಿಲ್ಲ. ಪೆಟ್ಟಿಗೆಯಿಂದ ಮೂಲ ಹಾಳೆಯನ್ನು ತೆಗೆದು ಕಿಟಕಿಗೆ ಹಿಡಿದ. ದಾರಿಯುದ್ದಕ್ಕೂ ಬೆಳಕು ತೂರಿ ಬಂತು. ಅದು ಗೆರೆಯಲ್ಲ, ಹುಳ ಕೊರೆದ ಸೀಳು! ಆ ವೀರಹುಳ ಚರ್ಚಿನಲ್ಲಿ ಹೊರಟು, ಹಿಲ್ಡಾಳ ತೋಟ ದಾಟಿ, ಗಿರಣಿ ಹೊಕ್ಕು, ಸೇತುವೆಯ ಹಂಗಿಲ್ಲದೆ ವೈ ನದಿ ಹಾಯ್ದು, ಹಾಳೆಯ ಮೂಲೆಯಲ್ಲಿ ಬಿಡಿಸಿದ್ದ ದೇವದೂತನ ಮೂಗು ಕೊರೆದು ಸೀಮೆ ಬಿಟ್ಟಿತ್ತು. ಗಿರಣಿಯಿಂದಾಚೆಯದನ್ನು ಕಲೆಯೆಂದು ಅಳಿಸಿದವನೂ, ಈಚೆಯದನ್ನು ದಾರಿಯೆಂದು ಮಸಿ ತುಂಬಿದವನೂ ಎಡ್ಗರನೇ. ಬೇರೆ ಯಾರಿಗೂ ಗೊತ್ತಿಲ್ಲ. ಬಾಯಿ ಬಿಟ್ಟರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಮುಚ್ಚಿದರೆ ಮುದುಕಿಯ ತೋಟ.

ಮೂರು ದಿನ ಊರೆಲ್ಲ ಸುತ್ತಿದ. ಗ್ರಾಮಸಭೆಯಲ್ಲೂ ಹಿಂದುಗಡೆ ಶತಪಥ ಹಾಕುತ್ತಿದ್ದ.

"ಕೂತ್ಕೊಳಯ್ಯಾ, ನೆಲ ಸವೀತದೆ!" ಎಂದರು ಅಧ್ಯಕ್ಷ ಗಾಡ್ಸಾಲ್.

"ಕೂರಕ್ಕಾಗ್ತಿಲ್ಲ ಸ್ವಾಮಿ! ಆ ದಾರಿ ಹಾಕಿದ್ದು ನಮ್ಮ ಹಿರೀಕರಲ್ಲ, ಹುಳ. ಮಸಿ ತುಂಬಿದ್ದು ನಾನು."

ಸಭೆಯ ನಗುವಿಗೆ ಸೂರು ಅದುರಿತು.

"ಹುಳವಾದ್ರೂ ನಡೆದಿದೆಯಲ್ಲ!" ಎಂದು ಸಂಘದ ಕಾರ್ಯದರ್ಶಿ ಕೊನೆಯ ಪಟ್ಟು ಹಾಕಿದ.

"ಅದು ಬಂದ್ರೆ ಬಿಡ್ತೀನಿ," ಎಂದಳು ಹಿಲ್ಡಾ. "ಅದಕ್ಕೆ ಬೂಟಿಲ್ಲ."

ಅರ್ಜಿ ಅಲ್ಲೇ ಬಿದ್ದುಹೋಯಿತು.

ಮರುದಿನ ಹಿಲ್ಡಾ ತನ್ನ ತೋಟದ ಸೇಬಿನ ಮದ್ಯ, ಸೈಡರಿನ ಬಾಟಲಿ ಹಿಡಿದು ಹೋದರೆ ಎಡ್ಗರ್ ಮನೆಯಲ್ಲಿಲ್ಲ. ಭೂತಗನ್ನಡಿ, ನಕ್ಷೆ ಹಿಡಿದು ಯಾವುದು ಹಿರೀಕರದು, ಯಾವುದು ಹುಳದ್ದು ಎಂದು ಸೀಮೆಯ ಓಣಿಗಳನ್ನೆಲ್ಲ ನಡೆದೇ ನೋಡಲು ಹೊರಟಿದ್ದ. ಅವನ ಸ್ವಂತ ಮನೆಯ ಓಣಿಯೂ ನಕ್ಷೆಯಲ್ಲಿ ಯಾಕೋ ವಿಪರೀತ ಅಂಕುಡೊಂಕಾಗಿ ಕಂಡಿತ್ತಂತೆ.