ಉಂಡರೂ ಕರಗಿದವಳು

ನನ್ನ ಹೆಂಡತಿಯ ಅಣ್ಣ ಕಾಂದಿವಲಿಯಿಂದ ಸಯನ್‌ನ ನಮ್ಮ ಮನೆಗೆ ಬಂದಾಗಲೆಲ್ಲ ಒಂದೇ ಮಾತನ್ನು ಆಡುತ್ತಿದ್ದರು. ಮೊದಲ ಸಲ ಆಡಿದ್ದು ಚಪ್ಪಲಿ ಕಳಚುವ ಮುನ್ನವೇ, ನೆರೆಮನೆಯವರ ಎದುರಿನಲ್ಲಿ.

"ಊರಿಗೆಲ್ಲ ಊಟ ಹಾಕುವ ಹೋಟೆಲು ನಿಮ್ಮದು, ಭಾವ. ನನ್ನ ತಂಗಿಗೆ ಮಾತ್ರ ಹೊಟ್ಟೆ ತುಂಬ ಇಲ್ವಾ?"

ನಾನು ಅದನ್ನು ಮರೆತಿಲ್ಲ.

ಅವಳಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿದು ಮೂರು ತಿಂಗಳಾಗಿತ್ತು. ದಾದರ್ ಮಾರುಕಟ್ಟೆಯಿಂದ ಎರಡೂ ಕೈಯಲ್ಲಿ ಚೀಲ ಹಿಡಿದು ಲೋಕಲ್ ರೈಲು ಹತ್ತುತ್ತಿದ್ದವಳ ಬಳೆಗಳು ಈಗ ಮೊಣಕೈವರೆಗೆ ಜಾರುತ್ತಿದ್ದವು.

ಹೋಟೆಲಿನವರಾದ ನಾವು ಮೇಜಿನಿಂದ ಮರಳುವ ತಟ್ಟೆಯನ್ನು ನೋಡಿ ಅಡುಗೆಯನ್ನು ಅಳೆಯುವವರು. ಸಾಂಬಾರು ಉಳಿದರೆ ತಪ್ಪು ಭಟ್ಟರದು. ಅದೇ ನ್ಯಾಯವನ್ನು ನಾನು ಕಾಯಿಲೆಗೂ ಅನ್ವಯಿಸಿದೆ. ಅವಳ ತಟ್ಟೆಯಲ್ಲಿ ಅನ್ನ ಉಳಿದಾಗ, ಇಪ್ಪತ್ತು ವರ್ಷಗಳಿಂದ ನಮ್ಮಲ್ಲಿದ್ದ ಅಡುಗೆ ಭಟ್ಟರನ್ನು ಎಲ್ಲರೆದುರು ಗದರಿದೆ. ತುಪ್ಪ ಹೆಚ್ಚಿಸಿದೆ, ಬೇಳೆ ಹೆಚ್ಚಿಸಿದೆ. ಕ್ರಮೇಣ ತಟ್ಟೆ ಖಾಲಿಯಾಗತೊಡಗಿತು. ತೂಕ ಮಾತ್ರ ಇಳಿಯುತ್ತಲೇ ಹೋಯಿತು.

ಆಸ್ಪತ್ರೆಯ ಡಾಕ್ಟರು ಇಲ್ಲಿಯೇ ಹುಟ್ಟಿ ಬೆಳೆದ ಮಂಗಳೂರಿನವರ ಮಗಳು. ಆಕೆಯಿಂದ ಕಾರಣವನ್ನು ಎರಡೆರಡು ಸಲ ಹೇಳಿಸಿಕೊಂಡೆ. ಗೆಡ್ಡೆಯೂ ಅದರೊಡನೆ ಹೋರಾಡುವ ರಕ್ಷಣಾಕೋಶಗಳೂ ಉರಿಯೂತದ ಸಂಕೇತಗಳನ್ನು ರಕ್ತಕ್ಕೆ ಬಿಡುತ್ತವಂತೆ. ಅವು ಸ್ನಾಯುಕೋಶದ ಹೊರಪೊರೆಗೆ ತಗಲಿದಾಗ ಒಳಗಿನ ಕೋಶಕೇಂದ್ರದವರೆಗೆ ಆಜ್ಞೆ ಮುಟ್ಟುತ್ತದೆ. ಸುಮ್ಮನಿದ್ದ ಕೆಲವು ಜೀನ್‌ಗಳು ಎಚ್ಚರಗೊಳ್ಳುತ್ತವೆ. ಆಮೇಲೆ ಕೋಶವು ತನ್ನದೇ ಪ್ರೋಟೀನುಗಳಿಗೆ 'ಒಡೆಯಬೇಕಾದದ್ದು' ಎಂಬ ಗುರುತನ್ನು ಅಂಟಿಸಿ, ತನ್ನೊಳಗಿನ ಪುಟ್ಟ ಯಂತ್ರಗಳಿಗೆ ಒಪ್ಪಿಸಿ ತುಂಡರಿಸುತ್ತದೆ. ಹೊಸದನ್ನು ಕಟ್ಟುವ ಕೆಲಸವೂ ನಿಧಾನಗೊಳ್ಳುತ್ತದೆ. ಹಸಿವನ್ನು ಕೊಲ್ಲುವುದರಲ್ಲಿಯೂ ಇದೇ ಸಂಕೇತಗಳ ಕೈವಾಡ.

"ಅಂಕಲ್, ಖಾನಾ ಕಡಿಮೆ ಆಗಿ ಅಲ್ಲ ಇದು," ಎಂದಳು ಆಕೆ, ತಡವರಿಸುವ ಕನ್ನಡದಲ್ಲಿ. "ಎಷ್ಟು ಕೊಟ್ಟರೂ ಮಸಲ್ ಒಡೀತಾನೇ ಇರ್ತದೆ. ಫೋರ್ಸ್ ಮಾಡಬೇಡಿ."

ಹೋಟೆಲಿಗೆ ಹೋಗಿ ಭಟ್ಟರ ಕ್ಷಮೆ ಕೇಳಿದೆ. ಹೆಂಡತಿಗೆ, ಇನ್ನು ಸೇರಿದಷ್ಟೇ ತಿನ್ನು ಎಂದೆ. ಆಗ ಅವಳು ಒಪ್ಪಿಕೊಂಡಳು: ಇಷ್ಟು ದಿನ ನಾನು ನೋಡುತ್ತಿದ್ದೇನೆಂದು ತಟ್ಟೆ ಮುಗಿಸಿ, ನಾನು ಹೋಟೆಲಿಗೆ ಹೊರಟ ಮೇಲೆ ಎಲ್ಲವನ್ನೂ ವಾಂತಿ ಮಾಡುತ್ತಿದ್ದಳಂತೆ.

"ಆದಿತ್ಯವಾರ ಅಣ್ಣ ಬರ್ತಾನಲ್ಲ," ಎಂದಳು. "ಅವನೆದುರು ಎರಡು ತುತ್ತು ತಿಂತೇನೆ. ಇಲ್ಲದಿದ್ರೆ ಪುನಃ ನಿಮಗೆ ಎಂತಾದ್ರೂ ಹೇಳ್ತಾನೆ."

ಬೇಡವೆಂದೆ. ಕೇಳಲಿಲ್ಲ.

ಆದಿತ್ಯವಾರ ನಾನೇ ಮೊಸರನ್ನ ಕಲಸಿದೆ. ಬೆನ್ನಿಗೆ ಕೈಕೊಟ್ಟು ಕೂರಿಸುವಾಗ ಬೆನ್ನುಮೂಳೆಯ ಒಂದೊಂದು ಗಂಟೂ ಅಂಗೈಗೆ ಸಿಕ್ಕಿತು. ಎರಡನೆಯ ತುತ್ತನ್ನು ಅವಳು ಕಣ್ಣು ಮುಚ್ಚಿ ನುಂಗಿದಳು.

"ನೋಡಿ ಭಾವ," ಎಂದರು ಎದುರಿಗೆ ಕೂತಿದ್ದ ಅವಳ ಅಣ್ಣ, "ಕೊಟ್ಟರೆ ತಿಂತಾಳೆ."

ಡಾಕ್ಟರು ಹೇಳಿದ ಪ್ರತಿಯೊಂದು ಮಾತೂ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವಳು, ಹೇಳಬೇಡಿ ಎಂಬಂತೆ, ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಆ ಹಿಡಿತದಲ್ಲಿ ಬಲವೇ ಇರಲಿಲ್ಲ, ಆದರೂ ಬಿಡಿಸಿಕೊಳ್ಳಲು ನನ್ನಿಂದಾಗಲಿಲ್ಲ.